ತೇವದ ಲೆಕ್ಕ

ಸುಂಟಿಕೊಪ್ಪದ ಕಾಫಿ ಕಣದಲ್ಲಿ ನನ್ನದು ತೇವ ನೋಡುವ ಕೆಲಸ.
ಹಿಡಿ ಬೀಜ ಮೀಟರಿಗೆ ಸುರಿದು, ಅಂಕಿ ಬರೆದು,
ಹನ್ನೊಂದಕ್ಕೆ ಇಳಿಯದಿದ್ದರೆ
"ಇನ್ನೆರಡು ಬಿಸಿಲು ಬೇಕು" ಅನ್ನುವುದು.
ಅಷ್ಟು ತಿಳಿದವಳು
ನನ್ನ ತಲೆಯ ತೇವವನ್ನು ಮೂವತ್ತಾರು ವರ್ಷ ಅಳೆಯಲಿಲ್ಲ.

ಶಾಲೆಯಲ್ಲಿ ನನ್ನ ಹೆಸರು ಪೊರಕೆ.
ಹಿಂದಿನವರಿಗೆ ಬೋರ್ಡು ಕಾಣುವುದಿಲ್ಲವೆಂದು
ಬೆಳ್ಳಿಯಪ್ಪ ಮೇಷ್ಟ್ರು ನನ್ನನ್ನು ಕೊನೇ ಬೆಂಚಿಗೆ ಕಳಿಸಿದರು.
ಅವ್ವ ಒಣಗೂದಲಿಗೇ ಬಾಚಣಿಗೆ ಇಟ್ಟು ಎಳೆಯುತ್ತಿದ್ದಳು.
ಮುರಿದ ಹಲ್ಲು ಬಾಚಣಿಗೆಯದು,
ಕಣ್ಣೀರು ನನ್ನದು,
ಬೈಗುಳ ಅಪ್ಪನ ಮನೆತನಕ್ಕೆ:
"ಇದು ಅವರ ಕಡೆಯ ಕೂದಲು. ನಮ್ಮಲ್ಲಿ ಯಾರಿಗಿದೆ?"

ತಂಗಿ ಪೂವಕ್ಕನ ಮದುವೆಗೆ
ಸಫೂರಾಳ ಪಾರ್ಲರಿನಲ್ಲಿ ಇಸ್ತ್ರಿ ಹಾಕಿಸಿಕೊಂಡೆ.
ಮೂರು ತಾಸು. ಸುಟ್ಟ ಕೋಳಿಪುಕ್ಕದ ವಾಸನೆ.
ಕನ್ನಡಿಯಲ್ಲಿ ಯಾರೋ ಬ್ಯಾಂಕಿನ ಮೇಡಂ ಕೂತಿದ್ದರು,
ನಾನು ತಲೆಯಾಡಿಸಿದರೆ ಅವರೂ ಆಡಿಸಿದರು.
ಮಡಿಕೇರಿಯಲ್ಲಿ ಜೀಪಿನಿಂದ ಇಳಿದು
ಕಲ್ಯಾಣಮಂಟಪದ ಮೆಟ್ಟಿಲು ಹತ್ತುವಷ್ಟರಲ್ಲಿ
ಮಂಜು ಬಂತು. ನೆಂಟರಂತೆ, ಕರೆಯದೆಯೂ,
ಒಂದೊಂದೇ ಎಳೆಯ ಒಳಗೆ ಹೋಗಿ ಕೂತಿತು.
ಫೋಟೋದಲ್ಲಿ ಎಲ್ಲರ ತಲೆಗೂ ವಸ್ತ್ರ ಕೂತಿದೆ.
ನನ್ನದು ಮಾತ್ರ
ಮುಚ್ಚಳ ಹಾಕಿದ ಮೇಲೂ ಉಕ್ಕುವ ಗಂಜಿ.

ಆ ಫೆಬ್ರವರಿಯಲ್ಲೇ ಒಂದು ಮಧ್ಯಾಹ್ನ
ಆಕಾಶ ತೊಳೆದಿಟ್ಟ ತಟ್ಟೆ.
ಫೋನು ಮಳೆ ಇಲ್ಲ ಅಂದಿತ್ತು.
ಮೂರು ಗಂಟೆಗೆ ಕುತ್ತಿಗೆಯ ಹಿಂದೆ
ಕೂದಲು ಒಂದೊಂದೇ ಎದ್ದು ನಿಂತಿತು.
ನನಗೆ ಗೊತ್ತಾಯಿತು. ಹೇಳಲಿಲ್ಲ.
ಪೊರಕೆಯ ಮಾತು ಯಾರು ಕೇಳುತ್ತಾರೆ?
ನಾಲ್ಕಕ್ಕೆ ಮಳೆ.
ಎಂಬತ್ತು ಮೂಟೆಯ ಬೀಜ ನೆನೆದು ಬೂದಿಬಣ್ಣವಾಯಿತು.

ದುಡ್ಡು ದಂಡವಾಯಿತೆಂದು ಜಗಳಕ್ಕೇ ಹೋದೆ.
ಸಫೂರಾ ಬಾಗಿಲು ಹಾಕಿ, ಪರದೆ ಎಳೆದು,
ತಲೆಯ ಶಾಲು ತೆಗೆದಳು.
ಅಯ್ಯೋ! ನನ್ನದೇ ಕೂದಲು.
ನನಗಿಂತ ಒಂದು ಗೇಣು ಹೆಚ್ಚೇ.
"ನಾನು ಯಾವತ್ತೂ ಇಸ್ತ್ರಿ ಹಾಕಿಲ್ಲ" ಅಂದಳು, ನಾಚಿಕೆಯೇ ಇಲ್ಲದೆ.

"ಇದಕ್ಕೆ ಸಿಟ್ಟಲ್ಲ ಕಣೇ, ಬಾಯಾರಿಕೆ.
ನೀನು ಕುಡಿಸದಿದ್ದರೆ ಗಾಳಿಯಿಂದ ಕುಡಿಯುತ್ತೆ,
ಕುಡಿದು ಊದುತ್ತೆ.
ದಾಸವಾಳದ ಎಲೆ ಕಿವುಚಿ ಲೋಳೆ ಹಚ್ಚು.
ಒದ್ದೆ ಇರುವಾಗಲೇ ಬೆರಳಲ್ಲಿ ಬಿಡಿಸು,
ತುದಿಯಿಂದ ಮೇಲಕ್ಕೆ, ಜಗಳ ಬಿಡಿಸೋ ಹಾಗೆ.
ಟವೆಲ್ಲಲ್ಲಿ ಉಜ್ಜಬೇಡ, ಗಂಡನ ಹಳೇ ಬನಿಯನ್ ಸಾಕು,
ಅದಾದರೂ ಉಪಯೋಗಕ್ಕೆ ಬರಲಿ.
ನೀರು ಆರುವ ಮೊದಲು ಎರಡು ಹನಿ ಎಣ್ಣೆ.
ಆಮೇಲೆ ಕೈ ಕಟ್ಟಿ ಕೂರು. ಮುಟ್ಟಬೇಡ.
ಕಷ್ಟ ಇರೋದು ಅದೊಂದೇ."

ನನಗೆ ನಗು ಬಂತು.
ಜುಲೈ ತಿಂಗಳ ಗೋದಾಮಿನಲ್ಲಿ
ಒಣಗಿಸಿಟ್ಟ ಬೀಜವೂ ಹೀಗೇ ಕದ್ದು ಕುಡಿಯುತ್ತದೆ.
ಅದಕ್ಕೆ ನಾವು ಬೈಯುವುದಿಲ್ಲ.
ಚೀಲದ ಕೆಳಗೆ ಹಲಗೆ ಇಡುತ್ತೇವೆ, ಕಿಟಕಿ ಮುಚ್ಚುತ್ತೇವೆ.

ಈಗ ನನ್ನ ತಲೆಯಲ್ಲಿ ಸುರುಳಿಗಳಿವೆ.
ಇಷ್ಟು ದಿನ ಎಲ್ಲಿದ್ದಿರಿ ಅಂದರೆ
ಇಲ್ಲೇ, ನೀನು ಬಾಚಿ ಬಾಚಿ ಓಡಿಸುತ್ತಿದ್ದೆ ಅನ್ನುತ್ತವೆ.
ಅವ್ವ ಮೊನ್ನೆ ಹಿಂದಿನಿಂದ ಬಂದು
ಒಂದನ್ನು ಎಳೆದು ಬಿಟ್ಟಳು. ಅದು ಮತ್ತೆ ಸುತ್ತಿಕೊಂಡಿತು.
ಮತ್ತೊಮ್ಮೆ ಎಳೆದಳು. ಏನೂ ಹೇಳಲಿಲ್ಲ.

ಒಂದೇ ತೊಂದರೆ:
ತಣಿದ ಕೂದಲು ಮಳೆಯ ಸುದ್ದಿ ಹೇಳುವುದಿಲ್ಲ.
ಅದಕ್ಕೇ ಕುತ್ತಿಗೆಯ ಎಡಗಡೆ
ಒಂದು ಎಳೆಗೆ ನಾನು ಎಣ್ಣೆ ಮುಟ್ಟಿಸುವುದಿಲ್ಲ.
ಮನೆಯಲ್ಲಿ ಮರೆತೆ ಅಂದುಕೊಂಡಿದ್ದಾರೆ.
ಕಣದ ಹೆಂಗಸರಿಗೆ ಗೊತ್ತು.
ಮೂರು ಗಂಟೆಗೆ ಅವರು ಆಕಾಶ ನೋಡುವುದಿಲ್ಲ,
ನನ್ನ ಬೆನ್ನ ಹಿಂದೆ ಬಂದು ನಿಲ್ಲುತ್ತಾರೆ.
ಅದು ಎದ್ದರೆ, ಟಾರ್ಪಾಲು.